ಹಣ್ಣಿನ ಚಿತ್ತಾರದ ‘ಜಾರ್ಜಿಯನ್’ ಚಮಚ: ಬೆಳ್ಳಿಯ ವಯಸ್ಸು ಬೇರೆ, ಕೆತ್ತನೆಯ ವಯಸ್ಸು ಬೇರೆ

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಹೋದ ತಿಂಗಳು ಹಳೆ ಸಾಮಾನಿನ ಸಂತೆಯಲ್ಲಿ, ರೇಷ್ಮೆ ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿದ್ದ ಎರಡು ದೊಡ್ಡ ಬೆಳ್ಳಿ ಚಮಚ ಕೊಂಡೆವು. ಬಟ್ಟಲಿನೊಳಗೆ ದ್ರಾಕ್ಷಿ, ಪೇರು, ಸ್ಟ್ರಾಬೆರಿ ಉಬ್ಬಿಕೊಂಡಿವೆ, ಅಲ್ಲಿ ಚಿನ್ನದ ಬಣ್ಣವಿದೆ, ಹಿಡಿಯ ತುಂಬ ಹೂಬಳ್ಳಿ. ಉದ್ದ 22 ಸೆಂ.ಮೀ., ತೂಕ ಒಂದು 62 ಗ್ರಾಂ, ಇನ್ನೊಂದು 64 ಗ್ರಾಂ. ಹಿಡಿಯ ಹಿಂದೆ ಡಬ್ಲ್ಯು ಸಿ, ಸಿಂಹ, ಚಿರತೆಯ ಮುಖ, ಸಣ್ಣಕ್ಷರದ ಎಚ್, ಒಬ್ಬರ ತಲೆ ಇವೆ. ‘1783ರ ಜಾರ್ಜಿಯನ್’ ಎಂದು ಮಾರಿದರು. ನಿಜವೇ? ಮೈಸೂರಿನಿಂದ ಬಂದಿರುವ ಅಮ್ಮ ವಿಭೂತಿ ಹಾಕಿ ಉಜ್ಜೋಣ ಅನ್ನುತ್ತಾರೆ, ಉಜ್ಜಬಹುದೇ? ಪಾಯಸ ಬಡಿಸಬಹುದೇ? ಹಗುರವಾದ ಚಮಚವನ್ನು ಬೆಳಕಿಗೆ ಹಿಡಿದರೆ ಒಂದು ದ್ರಾಕ್ಷಿಯ ನೆತ್ತಿಯಲ್ಲಿ ಸೂಜಿಮೊನೆಯಷ್ಟು ತೂತು ಕಾಣುತ್ತದೆ, ಅದಕ್ಕೇನು ಮಾಡುವುದು? ಚಿತ್ರಗಳನ್ನು ಕಳಿಸಿದ್ದೇವೆ.

ಉತ್ತರ: ಮೊದಲು ವಿಭೂತಿಯನ್ನು ಎತ್ತಿಡಿ. ಮಿಕ್ಕಿದ್ದನ್ನೆಲ್ಲ ನಿಧಾನವಾಗಿ ನೋಡಬಹುದು, ಆದರೆ ಬಟ್ಟಲಿನ ಚಿನ್ನ ಒಮ್ಮೆ ಸವೆದರೆ ವಾಪಸು ಬರುವುದಿಲ್ಲ. ಕಾರಣವನ್ನು ಶುಚಿ ಮಾಡುವ ಮಾತು ಬಂದಾಗ ಹೇಳುತ್ತೇವೆ.

ನಿಮ್ಮ ಚಮಚಗಳು ಅಪ್ಪಟ ಜಾರ್ಜಿಯನ್ ಬೆಳ್ಳಿ, ಅಂದರೆ ಜಾರ್ಜ್ ಹೆಸರಿನ ದೊರೆಗಳು ಇಂಗ್ಲೆಂಡನ್ನು ಆಳಿದ ಕಾಲದವು. ಆದರೆ ಅವು 1783ರವಲ್ಲ, 1823ರವು. ನೀವು ಮೆಚ್ಚಿ ಕೊಂಡ ಹಣ್ಣು, ಹೂಬಳ್ಳಿ, ಚಿನ್ನ ಈ ಮೂರೂ ಜಾರ್ಜ್ ದೊರೆಗಳ ಕಾಲದವಲ್ಲ, ವಿಕ್ಟೋರಿಯಾ ಕಾಲದಲ್ಲಿ ಸೇರಿದಂಥವು. ಇಂಥವನ್ನು ಅಲ್ಲಿನ ವ್ಯಾಪಾರಿಗಳು ‘ಬೆರಿ ಸ್ಪೂನ್’ ಅನ್ನುತ್ತಾರೆ. ಚಮಚ ಮಾಡಿದವನ ಕೈ ಒಂದು, ಅದರ ಮೇಲೆ ಹಣ್ಣು ಬಿಡಿಸಿದವನ ಕೈ ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಓದುವುದು ರೂಢಿಯಾದರೆ ಮುಂದೆ ಸಂತೆಯಲ್ಲಿ ಮೋಸ ಹೋಗುವುದಿಲ್ಲ.

ಈಗ ಮುದ್ರೆಗಳು. ಸಿಂಹವೆಂದರೆ ಸ್ಟರ್ಲಿಂಗ್, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಚಿರತೆಯ ಮುಖ, ಬೆಳ್ಳಿಯ ಶುದ್ಧತೆ ನೋಡಿ ಮುದ್ರೆ ಒತ್ತುವ ಲಂಡನ್ ಪರೀಕ್ಷಾ ಕಚೇರಿಯದು. ಅದು ನಿಜವಾಗಿ ಸಿಂಹದ ಮುಖವೇ. ಎದುರು ನೋಡುವ ಸಿಂಹವನ್ನು ಹಳೆಯ ಫ್ರೆಂಚ್ ಲಾಂಛನಭಾಷೆಯಲ್ಲಿ ಚಿರತೆ ಅನ್ನುತ್ತಿದ್ದರು, ಆ ಹೆಸರೇ ಉಳಿದುಬಂತು. ನಿಮ್ಮ ಮಾರಾಟಗಾರರು ಎಡವಿದ್ದು ಎಚ್ ಅಕ್ಷರದಲ್ಲಿ. ಲಂಡನ್ನಿನಲ್ಲಿ ಆಗ ವರ್ಷಕ್ಕೊಂದು ಅಕ್ಷರ. ಎ ಇಂದ ಯು ವರೆಗೆ, ನಡುವಿನ ಜೆ ಬಿಟ್ಟು, 20 ವರ್ಷಕ್ಕೆ ಒಂದು ಸುತ್ತು ಮುಗಿಯುತ್ತಿತ್ತು. 1776ರಿಂದ 1795ರವರೆಗೆ ಸಣ್ಣಕ್ಷರ, 1796ರಿಂದ 1815ರವರೆಗೆ ದೊಡ್ಡಕ್ಷರ, 1816ರಿಂದ 1835ರವರೆಗೆ ಮತ್ತೆ ಸಣ್ಣಕ್ಷರ. ಹಾಗಾಗಿ ಸಣ್ಣ ಎಚ್ 1783ಕ್ಕೂ ಸರಿ, 1823ಕ್ಕೂ ಸರಿ. ಇನ್ನೂ ಹಿಂದಿನ ಸುತ್ತಿಗೆ ಹೋದರೆ 1743ರಲ್ಲೂ ಒಂದು ಸಣ್ಣ ಎಚ್ ಇದೆ. ಅಕ್ಷರವೊಂದನ್ನೇ ನೋಡಿ ವರ್ಷ ಹೇಳುವವರು ಮೂರರಲ್ಲಿ ಒಂದನ್ನು ಊಹಿಸುತ್ತಿರುತ್ತಾರೆ, ಅಷ್ಟೆ.

ತೀರ್ಪು ಕೊಡುವುದು ಪಕ್ಕದಲ್ಲಿರುವ ತಲೆ. ಅದು ದೊರೆಯ ತಲೆ, ಸುಂಕ ಕಟ್ಟಿದ್ದಕ್ಕೆ ಗುರುತು. 1784ರ ಡಿಸೆಂಬರ್ 1ರಿಂದ ಅದನ್ನು ಒತ್ತಲು ಶುರುಮಾಡಿದರು, 1890ರಲ್ಲಿ ಸುಂಕ ರದ್ದಾದಾಗ ನಿಲ್ಲಿಸಿದರು. 1783ರ ಚಮಚದ ಮೇಲೆ ದೊರೆಯ ತಲೆ ಇರಲು ಸಾಧ್ಯವೇ ಇಲ್ಲ. ಇಷ್ಟೇ ಸಾಕು, ಆದರೂ ಇನ್ನೆರಡು ಸಾಕ್ಷಿ ನಿಮ್ಮ ಚಿತ್ರದಲ್ಲೇ ಇವೆ. ಲಂಡನ್ನಿನ ಚಿರತೆಗೆ 1821ರವರೆಗೆ ಕಿರೀಟವಿತ್ತು. ನಿಮ್ಮ ಚಿರತೆಗೆ ಕಿರೀಟವಿಲ್ಲ. ಹೆಚ್ಚುಕಡಿಮೆ ಅದೇ ಸಮಯದಲ್ಲಿ ಸಿಂಹದ ನೋಟವೂ ಬದಲಾಯಿತು: ಅದಕ್ಕೆ ಮುಂಚೆ ಅದು ಕತ್ತು ತಿರುಗಿಸಿ ನಮ್ಮ ಕಡೆ ನೋಡುತ್ತಿತ್ತು, ಆಮೇಲೆ ನೇರ ಮುಂದಕ್ಕೆ ನೋಡತೊಡಗಿತು. ನಿಮ್ಮ ಸಿಂಹ ಮುಂದಕ್ಕೆ ನೋಡುತ್ತಿದೆ. 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೀವೇ ನೋಡಿ, ಸಿಂಹದ ಮೂಗು ಒಂದೇ ಪಕ್ಕಕ್ಕೆ ಚೂಪಾಗಿ ಕಾಣುತ್ತದೆ. ಅಕ್ಷರ ಬದಲಾಗುತ್ತಿದ್ದುದು ಮೇ ತಿಂಗಳ ಕೊನೆಗೆ, ಆದ್ದರಿಂದ ಕಟ್ಟುನಿಟ್ಟಾಗಿ ಹೇಳಬೇಕೆಂದರೆ 1823–24. ನಾಲ್ಕನೆಯ ಜಾರ್ಜ್ ದೊರೆಯ ಕಾಲ.

1743 ಏಕಲ್ಲ? ಚಮಚದ ಮೈಕಟ್ಟೇ ಹೇಳುತ್ತದೆ. ಆಗಿನದು ಹ್ಯಾನೊವೇರಿಯನ್ ಮಾದರಿ, ಹಿಡಿಯ ತುದಿ ಮೇಲಕ್ಕೆ ಬಾಗಿರುತ್ತಿತ್ತು. ಮೇಜಿನ ಮೇಲೆ ಚಮಚವನ್ನು ಬೋರಲು ಇಡುತ್ತಿದ್ದ ಕಾಲ ಅದು. ಅದಕ್ಕೇ ಮನೆತನದ ಲಾಂಛನವನ್ನು ಹಿಡಿಯ ಬೆನ್ನಿಗೆ ಕೆತ್ತಿಸುತ್ತಿದ್ದರು, ಅಲಂಕಾರವನ್ನೂ ಬಟ್ಟಲಿನ ಬೆನ್ನಿಗೇ ಒತ್ತುತ್ತಿದ್ದರು. ನಿಮ್ಮದು ತುದಿ ಕೆಳಗೆ ಬಾಗಿದ ಓಲ್ಡ್ ಇಂಗ್ಲಿಷ್ ಮಾದರಿ, 1760ರ ಸುಮಾರಿಗೆ ಬಂದದ್ದು. ಮುದ್ರೆಗಳ ಜಾಗವೂ ಸಾಕ್ಷಿ. 1780ರ ಆಸುಪಾಸಿನವರೆಗೆ ಅವನ್ನು ಬಟ್ಟಲಿನ ಹತ್ತಿರ, ಹಿಡಿ ಸಣ್ಣಗಾಗುವ ಕಡೆ ಹೊಡೆಯುತ್ತಿದ್ದರು. ಕಿರಿದಾದ ಆ ಜಾಗದಲ್ಲಿ ಏಟಿಗೆ ಬೆಳ್ಳಿ ಅಗಲವಾಗಿ, ಮತ್ತೆ ಸುತ್ತಿಗೆಯಿಂದ ಸರಿಪಡಿಸುವಾಗ ಮುದ್ರೆ ಜಜ್ಜಿಹೋಗುತ್ತಿತ್ತು. ಆಮೇಲಿನ ಚಮಚಗಳಲ್ಲಿ ಮುದ್ರೆ ಅಗಲವಾದ ತುದಿಯ ಹತ್ತಿರ ಸಾಲಾಗಿರುತ್ತದೆ. ನಿಮ್ಮವು ಹಾಗೇ ಇವೆ.

ಡಬ್ಲ್ಯು ಸಿ ಬಹುಪಾಲು ವಿಲಿಯಂ ಚಾನರ್ ಅವರದು. ಆ ಕಾಲದ ಲಂಡನ್ನಿನಲ್ಲಿ ಚಮಚ, ಫೋರ್ಕುಗಳನ್ನೇ ಕಸುಬಾಗಿಸಿಕೊಂಡಿದ್ದ ದೊಡ್ಡ ಕಾರ್ಖಾನೆಯವರು. ತಯಾರಕರ ಮುದ್ರೆ ಮಿಕ್ಕ ನಾಲ್ಕರ ಸಾಲಿನಿಂದ ಸ್ವಲ್ಪ ಸರಿದು, ಸ್ವಲ್ಪ ಓರೆಯಾಗಿದೆ ಅಲ್ಲವೇ? ಅದು ಒಳ್ಳೆಯ ಲಕ್ಷಣ. ಅದನ್ನು ತಯಾರಕರು ತಮ್ಮ ಅಂಗಡಿಯಲ್ಲೇ ಹೊಡೆದು ಪರೀಕ್ಷೆಗೆ ಕಳಿಸುತ್ತಿದ್ದರು, ಮಿಕ್ಕವು ಕಚೇರಿಯಲ್ಲಿ ಬೀಳುತ್ತಿದ್ದವು. ಎರಡೂ ಚಮಚಗಳಲ್ಲಿ ಅದರ ಓರೆ ಬೇರೆ ಬೇರೆಯಾಗಿದೆಯೇ ನೋಡಿಕೊಳ್ಳಿ. ಐದೂ ಮುದ್ರೆಗಳು ಕೂದಲೆಳೆಯೂ ವ್ಯತ್ಯಾಸವಿಲ್ಲದೆ ಎರಡರಲ್ಲೂ ಒಂದೇ ಅಂತರದಲ್ಲಿದ್ದರೆ, ಒಂದರಲ್ಲಿರುವ ಗೀರು ಇನ್ನೊಂದರಲ್ಲೂ ಅದೇ ಜಾಗದಲ್ಲಿದ್ದರೆ, ಅಚ್ಚು ತೆಗೆದು ಎರಕ ಹೊಯ್ದ ನಕಲು ಎಂದು ಅನುಮಾನಿಸಬೇಕು. ಎರಕದ ಮುದ್ರೆಯ ಅಂಚು ಮೊಂಡು, ತಳ ಮರಳು ಮರಳು. ನಿಮ್ಮ ಚಿತ್ರದಲ್ಲಿ ಅಂಚುಗಳು ಚೂಪಾಗಿವೆ.

ಈಗ ಹಣ್ಣುಗಳು. 1823ರಲ್ಲಿ ಚಾನರ್ ಅಂಗಡಿಯಿಂದ ಹೊರಟಾಗ ಇವು ನುಣುಪಾದ, ಸಾದಾ ಊಟದ ಚಮಚಗಳು. ಉದ್ದ 22 ಸೆಂ.ಮೀ., ತೂಕ 2 ಟ್ರಾಯ್ ಔನ್ಸ್, ಅಂದರೆ 62 ಗ್ರಾಂ. ಅಳತೆಯೂ ತೂಕವೂ ಸಾದಾ ಚಮಚಕ್ಕೆ ಸರಿಯಾಗಿ ಕೂಡುತ್ತವೆ. 1815ರಿಂದ ಬೆಳ್ಳಿಗೆ ಔನ್ಸಿಗೆ ಒಂದೂವರೆ ಶಿಲ್ಲಿಂಗ್ ಸುಂಕವಿತ್ತು, ಆದ್ದರಿಂದ ಒಂದೊಂದು ಚಮಚದ ಮೇಲಿರುವ ಆ ಪುಟ್ಟ ತಲೆ ಸುಮಾರು 3 ಶಿಲ್ಲಿಂಗಿನ ರಸೀದಿ. ಮುಂದೆ ವಿಕ್ಟೋರಿಯಾ ಕಾಲಕ್ಕೆ ಸಾದಾ ಚಮಚ ಹಳೆಯ ಕಾಲದ್ದು ಅನ್ನಿಸಿತು. ಊಟದ ಕೊನೆಗೆ ಹಣ್ಣು ಬಡಿಸಲು ಝಗಝಗಿಸುವ ಸಾಮಾನು ಬೇಕಾಯಿತು. ಹೊಸದು ಮಾಡಿಸಿದರೆ ಬೆಳ್ಳಿಯ ಬೆಲೆ, ಸುಂಕ, ಪರೀಕ್ಷೆಯ ಖರ್ಚು. ಹಳೆಯ ಚಮಚಕ್ಕೆ ಕೆತ್ತನೆಗಾರನ ಕೂಲಿ ಕೊಟ್ಟರೆ ಸಾಕು. ಹೀಗೆ ಸಾವಿರಾರು ಜಾರ್ಜಿಯನ್ ಚಮಚಗಳು ಹಣ್ಣು ತೊಟ್ಟು, ರೇಷ್ಮೆಯ ಪೆಟ್ಟಿಗೆ ಸೇರಿದವು.

ಕೆಲಸದ ರೀತಿ ನಮ್ಮ ಪ್ರಭಾವಳಿ, ಬೆಳ್ಳಿ ಕವಚ ಮಾಡುವವರ ಉಬ್ಬುಕೆಲಸದಂತೆಯೇ. ಚಮಚವನ್ನು ಕೆಂಪಗೆ ಕಾಯಿಸಿ ಮೆದುಮಾಡಿ, ಬಟ್ಟಲಿನ ಒಳಮೈ ಅರಗಿನಲ್ಲಿ ಕೂರುವಂತೆ ಬೋರಲು ಒತ್ತಿ, ಬೆನ್ನಿನಿಂದ ಮೊಂಡು ಉಳಿಗಳಿಂದ ಹಣ್ಣುಗಳನ್ನು ಉಬ್ಬಿಸುತ್ತಾರೆ. ಆಮೇಲೆ ಅರಗು ಕರಗಿಸಿ ತಿರುಗಿಸಿ, ಮುಂದಿನಿಂದ ಎಲೆಯ ನರ, ದ್ರಾಕ್ಷಿಯ ಗುಂಡು, ಸ್ಟ್ರಾಬೆರಿಯ ಚುಕ್ಕೆಗಳನ್ನು ಸಣ್ಣ ಉಳಿಯಲ್ಲಿ ತಿದ್ದುತ್ತಾರೆ. ಇದರಲ್ಲಿ ಬೆಳ್ಳಿ ಕಳೆಯುವುದಿಲ್ಲ, ಹಿಗ್ಗುತ್ತದೆ. ಹಿಗ್ಗಿದ ಕಡೆ ತೆಳುವಾಗುತ್ತದೆ. ಎಲ್ಲಕ್ಕಿಂತ ಎತ್ತರಕ್ಕೆ ಉಬ್ಬಿದ ದ್ರಾಕ್ಷಿಯ ನೆತ್ತಿಯೇ ಎಲ್ಲಕ್ಕಿಂತ ತೆಳು, ಮೇಲಾಗಿ ಉಜ್ಜುವ ಬಟ್ಟೆಗೆ ಮೊದಲು ಸಿಗುವುದೂ ಅದೇ. ನಿಮ್ಮ ತೂತು ಅಲ್ಲೇ ಬಿದ್ದಿರುವುದಕ್ಕೆ ಇದೇ ಕಾರಣ.

ಚಿತ್ತಾರ ಆಮೇಲಿನದು ಎಂದು ಕಣ್ಣಾರೆ ಕಾಣಬೇಕಾದರೆ ಹಿಡಿಯ ಬೆನ್ನು ತಿರುಗಿಸಿ. ಮುಂದೆ ಹೂಬಳ್ಳಿ ಹೊಡೆದ ಏಟು ಹಿಂದೆ ಮುದ್ರೆಗೂ ತಾಗಿದೆ: ನಿಮ್ಮ 64 ಗ್ರಾಂ ಚಮಚದಲ್ಲಿ ಎಚ್ ಅಕ್ಷರದ ಒಂದು ಕಾಲು ಸೊಟ್ಟಗಾಗಿ, ಅದರ ಚೌಕಟ್ಟು ಒಂದು ಕಡೆ ಉಬ್ಬಿದೆ. ಚಿತ್ತಾರ ಮೊದಲೇ ಇದ್ದಿದ್ದರೆ ಮುದ್ರೆ ಅದರ ಮೇಲೆ ಬಿದ್ದು ಹೂವು ಜಜ್ಜಬೇಕಿತ್ತು. ಇಲ್ಲಿ ಹೂವು ಚೊಕ್ಕಟವಾಗಿದೆ, ಮುದ್ರೆ ನಲುಗಿದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಸಿಗಲಾರದು. ಇನ್ನೊಂದು ಪರೀಕ್ಷೆ ಮಾಡಿ. ಹಿಡಿಯ ತುದಿಯ ಮೇಲೆ ಬಾಯಿಂದ ಬಿಸಿಯುಸಿರು ಬಿಟ್ಟು, ಹಬೆ ಆರುವ ಆ ಎರಡು ಕ್ಷಣ ಓರೆ ಬೆಳಕಿನಲ್ಲಿ ನೋಡಿ. ಅಳಿಸಿದ ಹೆಸರಿನ ಅಕ್ಷರ, ಬೆಸುಗೆಯ ಗೆರೆ ಇದ್ದರೆ ಮಸುಕಾಗಿ ಕಾಣುತ್ತದೆ. ಅಕ್ಷರ ಅಳಿಸಿದ ಜಾಗವನ್ನು ಎರಡು ಬೆರಳಿನ ನಡುವೆ ಹಿಡಿದರೂ ತೆಳುವಾದದ್ದು ಗೊತ್ತಾಗುತ್ತದೆ.

ಚಿನ್ನದ ಮಾತು. ಹಳೆಯ ಕಾಲದಲ್ಲಿ ಪಾದರಸದಲ್ಲಿ ಚಿನ್ನ ಕಲಸಿ ಬಳಿದು, ಕಾಯಿಸಿ ಪಾದರಸ ಹಾರಿಸುತ್ತಿದ್ದರು. ಆ ಪದರ ದಪ್ಪ. 1840ರಲ್ಲಿ ಎಲ್ಕಿಂಗ್ಟನ್ ಎಂಬ ಇಂಗ್ಲಿಷ್ ತಯಾರಕರು ವಿದ್ಯುತ್ತಿನಿಂದ ಚಿನ್ನದ ನೀರು ಹಾಯಿಸುವುದಕ್ಕೆ ಪೇಟೆಂಟ್ ಪಡೆದ ಮೇಲೆ ಅದು ಅಗ್ಗವಾಯಿತು, ಪದರವೂ ತೆಳುವಾಯಿತು. ನಿಮ್ಮ ಬಟ್ಟಲಿನದು ಈ ಎರಡನೆಯ ಬಗೆಯದರಂತೆ ಕಾಣುತ್ತದೆ: ಬಣ್ಣ ಎಲ್ಲ ಕಡೆ ಒಂದೇ ಸಮ, ಹಣ್ಣಿನ ನೆತ್ತಿಗಳಲ್ಲಿ ಮಾತ್ರ ಬೆಳ್ಳಿ ಇಣುಕುತ್ತಿದೆ.

ಹಾಗಾದರೆ ನಿಜವಾದ ಜಾರ್ಜಿಯನ್ ಅಲಂಕಾರ ಹೇಗಿರುತ್ತದೆ? ಮುಂದಿನ ಸಲ ಸಂತೆಗೆ ಹೋದಾಗ ನೋಡಲು ಮೂರು ಬಗೆ ಹೇಳುತ್ತೇವೆ. ಒಂದು ಬ್ರೈಟ್‌ಕಟ್, ಸುಮಾರು 1775ರಿಂದ 1805ರವರೆಗಿನದು. ಹೊಳಪು ಕೊಟ್ಟ ಉಳಿಯಿಂದ ಬೆಳ್ಳಿಯನ್ನು ಓರೆಯಾಗಿ ಚಿವುಟಿ ತೆಗೆದ ಸಣ್ಣ ಸಣ್ಣ ಮುಖಗಳು, ಚಮಚ ಅಲುಗಿಸಿದರೆ ವಜ್ರದ ಮೂಗುಬೊಟ್ಟಿನಂತೆ ಮಿನುಗುತ್ತವೆ. ಲಂಡನ್ನಿನ ಬೆಳ್ಳಿ ಕೆಲಸಗಾರ್ತಿ ಹೆಸ್ಟರ್ ಬೇಟ್‌ಮನ್ ಮತ್ತು ಅವರ ಮಕ್ಕಳ ಕಾರ್ಖಾನೆಯ ಸಾಮಾನಿನಲ್ಲಿ ಇದು ಹೇರಳ. ಮೊದಲು ಸವೆಯುವುದೂ ಇದೇ, ಆದ್ದರಿಂದ ಬೆರಳಿಗೆ ಚುಚ್ಚುವಷ್ಟು ಚೂಪಿದ್ದರೆ ಬೆಲೆ ಜಾಸ್ತಿ. ಎರಡನೆಯದು ಚಿತ್ರಬೆನ್ನಿನ ಟೀ ಚಮಚ, 18ನೆಯ ಶತಮಾನದ ನಡುಭಾಗದ್ದು. ನಮಗೆ ಅತಿ ಪ್ರಿಯವಾದದ್ದು ಇದೇ. ಬಟ್ಟಲಿನ ಬೆನ್ನಿಗೆ ಅಚ್ಚಿನಿಂದ ಒತ್ತಿದ ಹಡಗು, ತೆನೆಕಟ್ಟು, ಚಿಪ್ಪು. ಒಂದರಲ್ಲಿ ಬಾಗಿಲು ತೆರೆದ ಪಂಜರದ ಮೇಲೆ ಹಕ್ಕಿ ಕೂತಿರುತ್ತದೆ, ‘ಸ್ವಾತಂತ್ರ್ಯ ನನಗೆ ಪ್ರಿಯ’ ಎಂಬರ್ಥದ ಇಂಗ್ಲಿಷ್ ಸಾಲು ಇರುತ್ತದೆ. ಅದು ಜಾನ್ ವಿಲ್ಕ್ಸ್ ಎಂಬ ರಾಜಕಾರಣಿಯ ಪರವಾಗಿ ಜನ ಎದ್ದ ಕಾಲದ ಕುರುಹು. ಬೋರಲಿಟ್ಟ ಚಮಚದ ಮೇಲೆ ಮನೆಯವರ ರಾಜಕೀಯ ನಿಲುವು ಕಾಣುತ್ತಿತ್ತು! ಮೂರನೆಯದು 1810ರ ನಂತರದ ಕಿಂಗ್ಸ್ ಮಾದರಿ, ಚಿಪ್ಪು ಮತ್ತು ಬಳ್ಳಿಯನ್ನು ಉಕ್ಕಿನ ಅಚ್ಚಿನಿಂದ ಎರಡೂ ಕಡೆ ಒತ್ತಿದ, ಕೈಗೆ ಭಾರವಾದ ಚಮಚ. ಇದರಲ್ಲಿ ಅಲಂಕಾರ ಹುಟ್ಟಿನಿಂದ ಬಂದದ್ದು, ಮುದ್ರೆಗೆ ಜಾಗ ಬಿಟ್ಟೇ ಅಚ್ಚು ಮಾಡಿರುತ್ತಾರೆ.

ಆಮೇಲೆ ಕೆತ್ತಿದ ಮಾತ್ರಕ್ಕೆ ನಿಮ್ಮದು ಖೋಟಾ ಆಗುವುದಿಲ್ಲ. ಚಮಚ ಚಮಚವಾಗಿಯೇ ಉಳಿದಿದೆ, ಹೊಸ ಲೋಹ ಸೇರಿಲ್ಲ. ಬ್ರಿಟನ್ನಿನಲ್ಲಿ ಇವನ್ನು ‘ಆಮೇಲೆ ಅಲಂಕರಿಸಿದ್ದು’ ಎಂದು ಹೇಳಿ ರಾಜಾರೋಷವಾಗಿ ಮಾರುತ್ತಾರೆ. ಹೆದರಬೇಕಾದದ್ದು ಬಳಕೆಯನ್ನೇ ಬದಲಿಸಿದವುಗಳಿಗೆ. ಜಾರ್ಜಿಯನ್ ಫೋರ್ಕು ಚಮಚಕ್ಕಿಂತ ಅಪರೂಪ, ಬೆಲೆಯೂ ಹೆಚ್ಚು. ಅದಕ್ಕಾಗಿ ಅಸಲಿ ಮುದ್ರೆಯ ಚಮಚದ ಬಟ್ಟಲು ಕತ್ತರಿಸಿ ಫೋರ್ಕಿನ ಹಲ್ಲು ಮಾಡುತ್ತಾರೆ. ಹಾಗೆ ಬದಲಿಸಿ ಮತ್ತೆ ಪರೀಕ್ಷೆ ಮಾಡಿಸದೆ ಮಾರುವುದು ಅಲ್ಲಿನ ಹಾಲ್‌ಮಾರ್ಕ್ ಕಾನೂನಿಗೆ ವಿರುದ್ಧ. ನಿಮ್ಮ ರಸೀದಿಯಲ್ಲಿ 1783 ಎಂದಿದ್ದರೆ ‘1823, ಆಮೇಲೆ ಅಲಂಕರಿಸಿದ್ದು’ ಎಂದು ತಿದ್ದಿಸಿಕೊಳ್ಳಿ, ನಾಳೆ ವಿಮೆಗೂ ಮಾರಾಟಕ್ಕೂ ಬೇಕಾಗುತ್ತದೆ. ಬೆಲೆ ತೂಗಿನೋಡಲು ಲೆಕ್ಕ ಇಷ್ಟು: ಎರಡೂ ಸೇರಿ 126 ಗ್ರಾಂ, ಅದರಲ್ಲಿ ಶುದ್ಧ ಬೆಳ್ಳಿ 116.5 ಗ್ರಾಂ. ನೀವು ಕೊಂಡ ದಿನದ ಅದರ ದರ ಅಡಿಗಟ್ಟು. ಅದರ ಮೇಲೆ ಎಷ್ಟು ಕೊಟ್ಟಿರೋ ಅದು ಚೆಂದಕ್ಕೆ ಮತ್ತು ಪೆಟ್ಟಿಗೆಗೆ ಕೊಟ್ಟದ್ದು. ಜಾರ್ಜಿಯನ್ ಸಂಗ್ರಾಹಕರಲ್ಲಿ ಹೆಚ್ಚಿನವರು ಇಂಥದ್ದಕ್ಕಿಂತ ಸಾದಾ ಚಮಚವನ್ನೇ ಇಷ್ಟಪಡುತ್ತಾರೆ. ನಮ್ಮ ಅಭಿಪ್ರಾಯವೂ ಅದೇ. ಆದರೂ ನಿಮ್ಮ ಜೋಡಿಯ ಕೆತ್ತನೆ ಒಳ್ಳೆಯ ಕೈಯದು, ಸ್ಟ್ರಾಬೆರಿಯ ಎಲೆಯ ಅಂಚನ್ನು ಒಂದೊಂದಾಗಿ ಕಚ್ಚು ಮಾಡಿದ್ದಾರೆ. ಅಂದಹಾಗೆ ಊರಿಗೆ ತಂದಾಗ ಬೆಳ್ಳಿ ಅಂಗಡಿಯಲ್ಲಿ ಒರೆಗಲ್ಲಿಗೆ ಉಜ್ಜಿಸಬೇಡಿ. ಮುದ್ರೆ ಇರುವಾಗ ಅದು ಅನಗತ್ಯ ಗಾಯ.

ಶುಚಿ ಮಾಡುವುದು. ವಿಭೂತಿಯಿಂದ ದೀಪದ ಕಂಬ ಉಜ್ಜಿದರೆ ಹೊಳೆಯುವುದು ನಿಜ. ಸೆಗಣಿಯ ಬೂದಿಯಲ್ಲಿರುವ ಸಣ್ಣ ಮರಳಿನಂಥ ಕಣಗಳು ಕಪ್ಪಿನ ಜೊತೆ ಬೆಳ್ಳಿಯನ್ನೂ ತರಿಯುವುದರಿಂದಲೇ ಆ ಹೊಳಪು. ದಪ್ಪ ದೀಪ ತಡೆದುಕೊಳ್ಳುತ್ತದೆ, ತೆಳು ಚಿನ್ನದ ಪದರ ತಡೆಯುವುದಿಲ್ಲ. ಹಲ್ಲುಪುಡಿ, ಟೂತ್‌ಪೇಸ್ಟ್, ಹುಣಸೆಹಣ್ಣು ಯಾವುದೂ ಬೇಡ. ಅಲ್ಯೂಮಿನಿಯಂ ಹಾಳೆ ಮತ್ತು ಅಡುಗೆ ಸೋಡಾದ ಬಿಸಿನೀರೂ ಬೇಡ. ಅದು ಹೂಬಳ್ಳಿಯ ಸಂದಿನ ಕಪ್ಪನ್ನೆಲ್ಲ ಎಳೆದುಹಾಕಿ ಕೆತ್ತನೆಯ ಆಳವನ್ನೇ ಕೊಂದುಬಿಡುತ್ತದೆ, ಮೈ ಸುಣ್ಣದಂತೆ ಮಂಕಾಗುತ್ತದೆ. ಅದ್ದಿ ತೆಗೆಯುವ ದ್ರಾವಣ ಇನ್ನೂ ಕೆಟ್ಟದ್ದು. ಅದು ತೂತಿನೊಳಗೆ, ಸಂದಿಯೊಳಗೆ ಉಳಿದು ಒಳಗಿಂದ ತಿನ್ನುತ್ತದೆ.

ಹೀಗೆ ಮಾಡಿ. ಉಗುರುಬೆಚ್ಚನೆಯ ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ಮೆದು ದ್ರವ ಎರಡು ಮೂರು ಹನಿ, ನಿಂಬೆ ವಾಸನೆಯದು ಬೇಡ. ಪಾತ್ರೆಯ ತಳಕ್ಕೆ ಮೆತ್ತನೆ ಬಟ್ಟೆ ಹಾಸಿ, ಒಂದೊಂದೇ ಚಮಚವನ್ನು ಎಳೆಮಗುವಿನ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಬಟ್ಟಲಿಗೆ ಬ್ರಷ್ ಕೂಡ ಬೇಡ, ಹತ್ತಿ ಸಾಕು. ಚೆನ್ನಾಗಿ ಜಾಲಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಒತ್ತಿ ಒರೆಸಿ, ತಿಕ್ಕಬೇಡಿ. ಹಿಡಿ ತೀರ ಕಪ್ಪಾಗಿದ್ದರೆ ಔಷಧಿ ಅಂಗಡಿಯಲ್ಲಿ ಸಿಗುವ ನಯವಾದ ಸೀಮೆಸುಣ್ಣದ ಪುಡಿ, ಅಂದರೆ ಪ್ರೆಸಿಪಿಟೇಟೆಡ್ ಕ್ಯಾಲ್ಸಿಯಂ ಕಾರ್ಬೊನೇಟ್, ಒಂದು ಚಮಚದಷ್ಟಕ್ಕೆ ನೀರು ಹಾಕಿ ಮೊಸರಿನ ಹದಕ್ಕೆ ಕಲಸಿ ಹತ್ತಿಯಿಂದ ಹಚ್ಚಿ ತೆಗೆಯಿರಿ. ಶಾಲೆಯ ಬಳಪ ಕುಟ್ಟಿದ ಪುಡಿ ಇದಕ್ಕೆ ಆಗದು, ಅದರಲ್ಲಿ ಗಟ್ಟಿ ಕಣಗಳಿರುತ್ತವೆ. ವರ್ಷಕ್ಕೊಮ್ಮೆ ಸಾಕು, ಮುದ್ರೆಗಳ ಸಾಲನ್ನು ಮುಟ್ಟದೆ. ಅಮ್ಮನ ಕೈಗೆ ಈ ಕೆಲಸ ಕೊಡಬಹುದು.

ಎತ್ತಿಡುವಾಗ ರಬ್ಬರ್ ಬ್ಯಾಂಡ್ ಮಾತ್ರ ಹಾಕಬೇಡಿ. ಅದರ ಗಂಧಕ ಬೆಳ್ಳಿಯ ಮೇಲೆ ಕಪ್ಪು ಬರೆ ಎಳೆಯುತ್ತದೆ, ಆ ಬರೆ ತೆಗೆಯಲು ಬೆಳ್ಳಿಯನ್ನೇ ತರಿಯಬೇಕಾಗುತ್ತದೆ. ಆಮ್ಲವಿಲ್ಲದ ತೆಳು ಕಾಗದದಲ್ಲಿ ಸುತ್ತಿ ಅದೇ ಪೆಟ್ಟಿಗೆಯಲ್ಲಿಡಿ.

ಬಳಸಿ, ಧಾರಾಳವಾಗಿ ಬಳಸಿ. ಬಟ್ಟಲಿಗೆ ಚಿನ್ನ ಹಾಕಿರುವುದೇ ಹಣ್ಣಿನ ಹುಳಿಯಿಂದ ಬೆಳ್ಳಿಯನ್ನು ಕಾಯಲು. ರಸಾಯನ, ಹಣ್ಣು, ಪಾಯಸ ಎಲ್ಲಕ್ಕೂ ಸರಿ. ಉಪ್ಪಿರುವ ಕೋಸಂಬರಿ, ಉಪ್ಪಿನಕಾಯಿಗೆ ಬೇಡ. ಚಿನ್ನ ಸವೆದ ನೆತ್ತಿಗಳಲ್ಲಿ ಉಪ್ಪು ಬೆಳ್ಳಿಯನ್ನು ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಬಡಿಸಿದ ಮೇಲೆ ಪಾತ್ರೆಯಲ್ಲೇ ಬಿಡದೆ ಆಗಲೇ ತೊಳೆಯಿರಿ, ಡಿಶ್‌ವಾಷರ್‌ಗೆ ಹಾಕಬೇಡಿ.

ತೂತನ್ನು ಬೆಸೆಯಲು ಯಾರಾದರೂ ಮುಂದೆ ಬಂದರೆ ಯಾವ ಬೆಸುಗೆ ಎಂದು ಕೇಳಿ. ಸೀಸದ ಬೆಸುಗೆಯಾದರೆ ಚಮಚವನ್ನು ವಾಪಸು ತೆಗೆದುಕೊಳ್ಳಿ: ಮುಂದೆ ಯಾವಾಗಲಾದರೂ ಕಾಯಿಸಿದರೆ ಸೀಸ ಬೆಳ್ಳಿಯೊಳಗೆ ಇಳಿದು ಸಣ್ಣ ತೂತನ್ನು ದೊಡ್ಡದು ಮಾಡುತ್ತದೆ. ಬೆಳ್ಳಿಯ ಬೆಸುಗೆಗೆ 650 ಡಿಗ್ರಿಗೂ ಹೆಚ್ಚಿನ ಕಾವು ಬೇಕು, ಅದಕ್ಕೆ ಚಿನ್ನದ ಪದರ ಹಾಳಾಗಿ, ಮೈಮೇಲೆ ತಾಮ್ರದ ನೇರಳೆ ಕಲೆ ಏಳುತ್ತದೆ. ಮಾಡಿಸಲೇಬೇಕೆಂದರೆ ಹಳೆಯ ಬೆಳ್ಳಿ ಸಂರಕ್ಷಿಸುವವರಲ್ಲಿ ಲೇಸರ್ ಬೆಸುಗೆ ಕೇಳಿ, ಅದರ ಕಾವು ಚುಕ್ಕೆಯಷ್ಟು ಜಾಗಕ್ಕೆ ಮಾತ್ರ ತಾಗುತ್ತದೆ. ನಾವಾದರೆ ಹಾಗೇ ಬಿಡುತ್ತೇವೆ. 64 ಗ್ರಾಮಿನ ಗಟ್ಟಿ ಚಮಚ ಪಾಯಸಕ್ಕಿರಲಿ, ತೂತಿರುವುದು ಹಣ್ಣಿನ ಹೋಳು ಬಡಿಸಲು.